ಹದ ಮಾಡಿದ ನೀರು

ಮೊದಲ ದಿನ ನಾವು ತಪ್ಪನ್ನು ಹಲಸಿನಹಣ್ಣಿನ ಮೇಲೆ ಹಾಕಿದೆವು. ನನ್ನ ಗಂಡ ಉಮೇಶ ಹಿಂದಿನ ಸಂಜೆ ಎರಡು ತೊಳೆ ತಿಂದಿದ್ದರು. ಬೆಳಿಗ್ಗೆ ಕಾಫಿ ಕುಡಿಯುವ ಮೊದಲೇ ಮೂರು ಸಲ ಹೊರಗೆ ಹೋಗಿ ಬಂದರು. ಮೂರನೇ ಸಲ ಬಂದವರು ಜಗಲಿಯ ಕಂಬ ಹಿಡಿದು ನಿಂತರು.

"ತಿನ್ಬ್ಯಾಡ ಅಂದ್ರೆ ಕೇಳಲ್ಲ. ಹಲಸಿನ ತೊಳೆ ಕಂಡ್ರೆ ಕರಡಿ ಆಡ್ದಂಗಾಡ್ತಾನೆ," ಅಂದರು ನಮ್ಮ ಅತ್ತೆ ದ್ಯಾವಮ್ಮ.

"ಎಲ್ಡೇ ತೊಳೆ ಕಣವ್ವ."

"ಎಲ್ಡು ನಾನು ಕಂಡಿದ್ದು."

ಮೂವರೂ ನಕ್ಕೆವು. ಬೇರೆ ಮನೆಯಲ್ಲಾದರೆ ಅದು ಅಲ್ಲಿಗೇ ಮುಗಿಯುವ ಮಾತು. ಒಂದು ದಿನ ಗಂಜಿ, ಮಜ್ಜಿಗೆ, ಮಾರನೇ ದಿನ ಕೆಲಸ. ನಮ್ಮ ಮನೆಯಲ್ಲಿ ಹಾಗಲ್ಲ. ಉಮೇಶರಿಗೆ ಹಿಂದಿನ ವರ್ಷ ಕಿಡ್ನಿ ಟ್ರಾನ್ಸ್‌ಪ್ಲಾಂಟ್ ಆಗಿತ್ತು. ಕೊಟ್ಟವರು ಅತ್ತೆ. ಆಸ್ಪತ್ರೆಯಲ್ಲಿ ಒಪ್ಪಿಗೆ ಕೇಳುವಾಗ ಡಾಕ್ಟರು, ಯಾರಾದರೂ ಒತ್ತಾಯ ಮಾಡಿದ್ದಾರಾ ಎಂದು ಪ್ರತ್ಯೇಕವಾಗಿ ಕರೆದು ವಿಚಾರಿಸಿದರು. ಅತ್ತೆ, "ಒತ್ತಾಯ ಮಾಡಕ್ಕೆ ಅವ್ನಿಗೆ ಬಾಯೇ ಇಲ್ಲ ಸ್ವಾಮಿ, ಅದಕ್ಕೇ ನಾನೇ ಬಂದೆ," ಅಂದಿದ್ದರು. ಅವರ ಎಡಗಡೆಯ ಕಿಡ್ನಿ ಈಗ ಮಗನ ಹೊಟ್ಟೆಯ ಬಲಗಡೆ ಇದೆ.

ಹಾಗೆ ಬಂದ ಕಿಡ್ನಿಯನ್ನು ದೇಹ ಹೊರಗಿನದು ಎಂದು ತಿಳಿದು ಕೊಲ್ಲಲು ನೋಡುತ್ತದೆ. ಕೊಲ್ಲದಿರಲಿ ಎಂದು ದಿನಕ್ಕೆರಡು ಹೊತ್ತು ಮಾತ್ರೆ. ಆ ಮಾತ್ರೆ ದೇಹದ ಕಾವಲನ್ನೇ ಸಡಿಲ ಮಾಡುತ್ತದೆ. ಕಿಡ್ನಿ ಉಳಿಯುತ್ತದೆ, ಆದರೆ ಬಾಗಿಲು ತೆರೆದೇ ಇರುತ್ತದೆ. ಡಿಸ್ಚಾರ್ಜ್ ಆಗುವ ದಿನ ನರ್ಸ್ ನನ್ನನ್ನೂ ಅತ್ತೆಯನ್ನೂ ಕೂರಿಸಿಕೊಂಡು ಹೇಳಿದ್ದರು. ಹಸಿ ತರಕಾರಿ ಬೇಡ. ಹೋಟೆಲ್ ಊಟ ಬೇಡ. ಜನ ಸೇರುವಲ್ಲಿ ಮಾಸ್ಕ್. ನೀರು ಮಾತ್ರ ಕುದಿಸಿಯೇ. ಕೊನೆಯದನ್ನು ಅವರು ಮೂರು ಸಲ ಹೇಳಿದರು. ಅತ್ತೆ ಮೂರು ಸಲವೂ ತಲೆಯಾಡಿಸಿದರು.

ನಮ್ಮದು ಹೊಂಗಡಹಳ್ಳದ ಕಡೆ. ಊರಿಗೆ ನೀರು ಬರುವುದು ಗುಡ್ಡದ ಒರತೆಯಿಂದ. ಮೇಲೆ ಒಂದು ಸಿಮೆಂಟಿನ ತೊಟ್ಟಿ, ಅಲ್ಲಿಂದ ಕರಿ ಪೈಪು, ಕೆಳಗೆ ಟ್ಯಾಂಕು, ಟ್ಯಾಂಕಿನಿಂದ ಮನೆಮನೆಗೆ ನಲ್ಲಿ. ಬೇಸಿಗೆಯಲ್ಲೂ ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ. ಸಕಲೇಶಪುರದಿಂದ ಬರುವ ನೆಂಟರು ಮೊದಲು ಕೇಳುವುದು ಕಾಫಿಯನ್ನಲ್ಲ, ಒಂದು ಲೋಟ ನೀರನ್ನು. ಅದು ನಮಗೊಂದು ಹೆಮ್ಮೆ.

ನನಗೆ ಇನ್ನೂ ಒಂದು ಹೆಮ್ಮೆ ಇತ್ತು. ಪಂಚಾಯಿತಿಯವರು ನೀರು ಪರೀಕ್ಷೆ ಮಾಡಲು ಊರಿನ ಕೆಲವು ಹೆಂಗಸರಿಗೆ ತರಬೇತಿ ಕೊಟ್ಟಿದ್ದರು. ಅವರಲ್ಲಿ ನಾನೂ ಒಬ್ಬಳು. ಒಂದು ಸಣ್ಣ ಸೀಸೆ ಇರುತ್ತದೆ, ಒಳಗೆ ಔಷಧಿ. ಗೆರೆಯವರೆಗೆ ನೀರು ತುಂಬಿ, ಮುಚ್ಚಳ ಹಾಕಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಇದ್ದರೆ ಕಪ್ಪಗಾಗುತ್ತದೆ. ನಮ್ಮ ಟ್ಯಾಂಕಿನ ಸೀಸೆ ಹೆಚ್ಚಾಗಿ ಕಪ್ಪಾಗುತ್ತಿರಲಿಲ್ಲ. ಆದಾಗ ನೀರು ಬಿಡುವ ಶೇಖರಣ್ಣ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಿದ್ದರು. ಮತ್ತೆ ಪರೀಕ್ಷೆ. ಕಪ್ಪಾಗದಿದ್ದರೆ ನಾನು ಕುಡಿಯಲು ಯೋಗ್ಯ ಎಂದು ಹೇಳುತ್ತಿದ್ದೆ. ನನಗೆ ಕಲಿಸಿದ್ದು ಅದೇ ಮಾತು.

ಆದರೂ ಉಮೇಶರ ನೀರು ಬೇರೆ. ಅವರಿಗೆಂದೇ ಒಂದು ಸ್ಟೀಲ್ ಪಾತ್ರೆ. ಚೆನ್ನಾಗಿ ಕುದಿ ಬಂದ ಮೇಲೂ ಸ್ವಲ್ಪ ಹೊತ್ತು ಒಲೆಯ ಮೇಲೆ ಬಿಟ್ಟು, ಮುಚ್ಚಿಡುವುದು. ಹಲ್ಲುಜ್ಜಲೂ ಅದೇ ನೀರು. ಅವರು ಎಸ್ಟೇಟಿನ ಪಿಕಪ್ ಓಡಿಸುತ್ತಾರೆ, ಸೀಟಿನ ಪಕ್ಕ ಮನೆಯ ಬಾಟಲಿ ಇರುತ್ತದೆ. ನೀರಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ತಪ್ಪಾಗಲು ದಾರಿಯೇ ಇಲ್ಲ ಎಂದು ಯಾರು ಕೇಳಿದರೂ ನಾನು ಹೇಳುತ್ತಿದ್ದೆ.

ಭೇದಿ ನಿಲ್ಲಲಿಲ್ಲ.

ಸಕಲೇಶಪುರದಲ್ಲಿ ಡ್ರಿಪ್ ಹಾಕಿದರು, ಆಂಟಿಬಯೋಟಿಕ್ ಕೊಟ್ಟರು. ಒಂದು ದಿನ ಕಡಿಮೆಯಾದಂತೆ ಕಂಡು ಮತ್ತೆ ಶುರುವಾಯಿತು. ರಕ್ತ ಇಲ್ಲ, ಹೆಚ್ಚು ಜ್ವರ ಇಲ್ಲ. ಬರೀ ನೀರು. ಕುಡಿದದ್ದಕ್ಕಿಂತ ಹೆಚ್ಚು ಹೋಗುತ್ತಿತ್ತು. ಕೆನ್ನೆ ಒಳಗೆ ಹೋಯಿತು. ಪ್ಯಾಂಟು ನಿಲ್ಲುವುದಿಲ್ಲ ಎಂದು ಪಂಚೆ ಉಟ್ಟರು. ಕೂತಲ್ಲಿಂದ ಏಳುವಾಗ ಕಣ್ಣು ಕತ್ತಲೆ ಬರುತ್ತಿತ್ತು. ಅಲ್ಲಿನ ಡಾಕ್ಟರು, "ಇದು ನನ್ನ ಕೈಲಿ ಇಟ್ಕೊಳ್ಳೋ ಕೇಸಲ್ಲಮ್ಮ, ಟ್ರಾನ್ಸ್‌ಪ್ಲಾಂಟ್ ಮಾಡಿದ ಕಡೆಗೇ ಹೊರಡಿ," ಅಂದರು. ಮಂಗಳೂರಿಗೆ ಘಾಟಿ ಇಳಿಯುವಾಗ ಕಾರಿನ ಹಿಂದಿನ ಸೀಟಿನಲ್ಲಿ ಹಳೆ ಪಂಚೆ, ಬಕೆಟ್ಟು ಇಟ್ಟುಕೊಂಡಿದ್ದೆವು. ನಾಲ್ಕು ಕಡೆ ನಿಲ್ಲಿಸಿದೆವು. ಉಮೇಶರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ದೊಡ್ಡ ಗಂಡಸು ಹೀಗೆ ರಸ್ತೆಬದಿ ಕೂರಬೇಕಾದದ್ದು ನೋವಿಗಿಂತ ಹೆಚ್ಚು ಅವರನ್ನು ಕುಗ್ಗಿಸಿತ್ತು.

ಅಂದು ಸಂಜೆಯೇ ರಕ್ತದ ರಿಪೋರ್ಟ್ ಬಂತು. ಕಿಡ್ನಿ ಸೋತಷ್ಟೂ ಏರುವ ಕ್ರಿಯಾಟಿನಿನ್ ಇರಬೇಕಾದ್ದಕ್ಕಿಂತ ಎರಡರಷ್ಟಾಗಿತ್ತು.

ಕಿಡ್ನಿ ಸೊರಗುತ್ತಿತ್ತು.

ಅಲ್ಲಿನ ಕಿಡ್ನಿ ಡಾಕ್ಟರು ಮಾತು ಕಡಿಮೆ, ಆದರೆ ಹೇಳಿದ್ದನ್ನು ಬಿಡಿಸಿ ಹೇಳುತ್ತಾರೆ. ಮೈಯಲ್ಲಿ ನೀರಿಲ್ಲದೆ ಕಿಡ್ನಿಗೆ ಪೆಟ್ಟು ಬಿದ್ದಿದೆ. ಜೊತೆಗೆ ಭೇದಿಯಿಂದಾಗಿ ಕಿಡ್ನಿ ಉಳಿಸುವ ಮಾತ್ರೆಯ ಅಂಶವೇ ರಕ್ತದಲ್ಲಿ ಏರಿಬಿಟ್ಟಿದೆ, ಅದೂ ವಿಷದಂತೆ ಆಗುತ್ತಿದೆ. "ಮೊದಲು ಇದು ಯಾವ ಕ್ರಿಮಿ ಅಂತ ಗೊತ್ತಾಗಬೇಕು," ಅಂದರು. ಮೊದಲ ಸ್ಟೂಲ್ ಟೆಸ್ಟಿನಲ್ಲಿ ಏನೂ ಸಿಗಲಿಲ್ಲ. ಬೇರೆ ಬಣ್ಣ ಹಾಕಿ ನೋಡುವ ಇನ್ನೊಂದು ಟೆಸ್ಟಿಗೆ ಬರೆದರು. ಅದರಲ್ಲಿ ಸಿಕ್ಕಿತು.

ಕ್ರಿಪ್ಟೋಸ್ಪೊರಿಡಿಯಮ್.

ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ, ಒಂದು ಪರಾವಲಂಬಿ ಎಂದರು. ಕರುಗಳ ಸಗಣಿಯಲ್ಲಿ ಇರುತ್ತದೆ, ಮನುಷ್ಯರ ಮಲದಲ್ಲೂ ಇರುತ್ತದೆ, ಅಲ್ಲಿಂದ ನೀರಿಗೆ ಬರುತ್ತದೆ. ಗಟ್ಟಿ ಮೈಯವರಿಗೆ ಬಂದರೆ ಒಂದೆರಡು ವಾರ ಕಾಡಿಸಿ ತಾನೇ ಹೋಗುತ್ತದೆ. ಕಾವಲು ಸಡಿಲವಾದ ಮೈಯಲ್ಲಿ ಹೋಗದೆಯೂ ಇರಬಹುದು.

"ಕುಡಿಯೋ ನೀರು ಎಲ್ಲಿಂದ?"

"ಒರತೆ ನೀರು ಸರ್. ಆದ್ರೆ ಕುದಿಸಿಯೇ ಕೊಡೋದು."

"ಕುದಿಸಿದ್ರೆ ಇದು ಬದುಕಲ್ಲ," ಅಂದರು. ಉಮೇಶರ ಕಡೆ ತಿರುಗಿದರು. "ಹೊರಗೆಲ್ಲಾದ್ರೂ ಕುಡಿದಿದ್ರಾ? ಹೇಳಿ ಪರವಾಗಿಲ್ಲ, ನಾನು ಬೈಯಲ್ಲ."

"ಒಂದ್ ಹನಿ ಇಲ್ಲ ಸರ್. ಲೋಡಿಗೆ ಹೋದಲ್ಲಿ ಕಾಫಿ ಕೊಟ್ರೂ ಬ್ಯಾಡ ಅಂತೀನಿ. ಜನ ನಂಗೆ ದೊಡ್ಡಸ್ತಿಕೆ ಬಂದೈತೆ ಅಂತ ಆಡ್ಕತಾರೆ."

ನಾನು ಅವರನ್ನು ನಂಬಿದೆ. ಅವರು ಸುಳ್ಳು ಹೇಳುವಾಗ ಗಂಟಲು ಕೆರೆದುಕೊಳ್ಳುತ್ತಾರೆ. ಆಗ ಕೆರೆದುಕೊಳ್ಳಲಿಲ್ಲ.

ನಮ್ಮ ನೀರನ್ನು ನಾನೇ ಪರೀಕ್ಷೆ ಮಾಡಿದ್ದೇನೆ, ಸೀಸೆ ಕಪ್ಪಾಗಿರಲಿಲ್ಲ ಎಂದು ನಾನು ಹೇಳಿದೆ. ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆನೆಂದು ಕಾಣುತ್ತದೆ. ಡಾಕ್ಟರು, ಹಾಗಾದರೆ ಲ್ಯಾಬಿನ ಮೇಡಂ ಹತ್ತಿರ ಮಾತಾಡಿ, ಅವರಿಗೆ ಇದು ಚೆನ್ನಾಗಿ ಗೊತ್ತು ಎಂದು ಕಳಿಸಿದರು.

ಆ ಮೇಡಂ ಮೈಕ್ರೋಬಯಾಲಜಿಯ ಡಾಕ್ಟರು. ಊಟದ ಡಬ್ಬಿ ಮುಚ್ಚುತ್ತಿದ್ದವರು ನನ್ನ ಮಾತು ಕೇಳಿ ಕುರ್ಚಿ ತೋರಿಸಿದರು. ನಾನು ಪರೀಕ್ಷೆ ಮಾಡುವ ಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಸಿಕೊಂಡರು.

"ಸರಿಯಾಗೇ ಮಾಡಿದ್ದೀರಿ. ಆ ಸೀಸೆ ತನಗೆ ಗೊತ್ತಿರೋದನ್ನ ಮಾತ್ರ ಹೇಳುತ್ತೆ. ಬ್ಯಾಕ್ಟೀರಿಯಾ ಇದ್ದರೆ ಹೇಳುತ್ತೆ. ಇದು ಅದಕ್ಕೆ ಕಾಣೋದೇ ಇಲ್ಲ. ನೀವು ಟ್ಯಾಂಕಿಗೆ ಹಾಕೋ ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತೆ, ಇದರ ಚಿಪ್ಪಿಗೆ ಏನೂ ಆಗಲ್ಲ. ಆಮೇಲೆ ನೀವು ಸೀಸೆ ಹಾಕ್ತೀರಿ, ಕಪ್ಪಾಗಲ್ಲ."

"ಮತ್ತೆ ಯೋಗ್ಯ ಅಂತ ಹೇಳಿ ಅಂತಾರಲ್ಲ ಮೇಡಂ."

ಅವರು ಆಮೇಲೆ ಹೇಳಿದ್ದನ್ನು ನನಗೆ ಅರ್ಥವಾದಷ್ಟು ಇಲ್ಲಿ ಬರೆಯುತ್ತಿದ್ದೇನೆ. ಕುಡಿಯುವ ನೀರಿನಲ್ಲಿ ಒಂದು ಕ್ರಿಮಿಯೂ ಇರುವುದಿಲ್ಲ ಎಂದು ಜಗತ್ತಿನಲ್ಲಿ ಯಾರೂ ಮಾತು ಕೊಡಲಾರರು. ಹಾಗಾಗಿ ಮೊದಲು ಒಂದು ಗುರಿ ಇಟ್ಟುಕೊಳ್ಳುತ್ತಾರೆ. ಒಂದು ಊರಿನವರು ವರ್ಷವಿಡೀ ಈ ನೀರು ಕುಡಿದರೆ ಅದರಿಂದ ಎಷ್ಟು ಕಾಯಿಲೆ ಬಂದರೆ ಸಹಿಸಬಹುದು? ಅದು ತೀರಾ ಕಡಿಮೆ ಇರುವಂತೆ ಗೊತ್ತು ಮಾಡಿಕೊಂಡು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾರೆ. ಮೂಲದ ನೀರಿನಲ್ಲಿ ಎಷ್ಟಿದೆ, ಸೋಸುವಾಗ ಎಷ್ಟು ಹೋಗಬೇಕು, ಔಷಧಿಯಿಂದ ಎಷ್ಟು ಸಾಯಬೇಕು. ಬ್ಯಾಕ್ಟೀರಿಯಾಕ್ಕೆ ಒಂದು ಲೆಕ್ಕ, ವೈರಸ್ಸಿಗೆ ಒಂದು, ಈ ಜಾತಿಯ ಪರಾವಲಂಬಿಗೆ ಇನ್ನೊಂದು. ದೊಡ್ಡ ಊರುಗಳಲ್ಲಿ ಹೀಗೆ ಮಾಡಲಾಗುತ್ತದೆ. ಗುಡ್ಡದ ಒರತೆಗೆ ಅಷ್ಟೆಲ್ಲ ಯಾರು ಮಾಡುತ್ತಾರೆ, ಅಲ್ಲಿ ಸೀಸೆಯೇ ಗುರಿ.

"ಸಹಿಸಬಹುದು ಅಂದ್ರೆ, ಯಾರು ಸಹಿಸೋದು ಮೇಡಂ?"

"ಊರು," ಅಂದರು. "ಊರು ಸಹಿಸುತ್ತೆ. ನೂರಾರು ಜನ ಇರ್ತಾರೆ, ಯಾರಿಗೋ ಎರಡು ದಿನ ಹೊಟ್ಟೆ ಕೆಡುತ್ತೆ, ಸರಿಹೋಗುತ್ತೆ. ನಿಮ್ಮ ಯಜಮಾನರಿಗೆ ಆ ಲೆಕ್ಕ ನಡೆಯಲ್ಲ. ನಿಮ್ಮ ಮನೆ ಗುರಿನ ನೀವೇ ಇಡಬೇಕು. ಅದಕ್ಕೇ ಕುದಿಸಿ ಅಂತ ಹೇಳೋದು. ಕುದಿಸಿದ್ರೆ ಸಾಕು, ಇನ್ನೇನೂ ಬೇಡ. ಆದರೆ ಎಲ್ಲೋ ಕುದಿಸದ ನೀರು ಅವರ ಬಾಯಿಗೆ ಹೋಗಿದೆ. ಅದನ್ನ ಹುಡುಕಿ. ಇಲ್ಲದಿದ್ರೆ ಇಲ್ಲಿ ವಾಸಿ ಮಾಡಿ ಕಳಿಸ್ತೀವಿ, ಅಲ್ಲಿ ಮತ್ತೆ ಕುಡಿಸ್ತೀರಿ."

ನಾನು ತಲೆಯಲ್ಲೇ ಮನೆಯನ್ನೆಲ್ಲ ಜಾಲಾಡಿದೆ. ಮಜ್ಜಿಗೆ? ಕುದಿಸಿ ಆರಿಸಿದ ನೀರಲ್ಲೇ ಕಡೆಯುತ್ತೇನೆ. ಚಟ್ನಿ? ಅವರಿಗೆ ಒಗ್ಗರಣೆಯಲ್ಲಿ ಕುದಿಸಿ ಕೊಡುತ್ತೇನೆ. ಲೋಟ ತೊಳೆದ ಹನಿ? ಒರೆಸಿಡುತ್ತೇನೆ. ಊರಿಗೆ ಫೋನು ಮಾಡಿ ಅತ್ತೆಯನ್ನು ಕೇಳಿದೆ.

"ಕಾಯ್ಸಿದ್ ನೀರೇ ಕಣವ್ವ ಎಲ್ಲಕ್ಕೂ. ನಾನೇನು ಮರೆಗುಳೀನಾ?" ಅಂದರು. ದನಿಯಲ್ಲಿ ನೋವಿತ್ತು. ಮಾರನೇ ದಿನ ಬಟ್ಟೆ ಚೀಲ ಹಿಡಿದು ಬಸ್ಸಿನಲ್ಲಿ ಬಂದೇಬಿಟ್ಟರು.

ಸಂಜೆಯ ಮಾತ್ರೆಯ ಹೊತ್ತು. ಕ್ಯಾಂಟೀನಿನಿಂದ ಕುದಿಸಿದ ನೀರು ತುಂಬಿಸಿಕೊಂಡು ಬಂದು ಫ್ಲಾಸ್ಕನ್ನು ನಾನು ಮೇಜಿನ ಮೇಲೆ ಇಟ್ಟಿದ್ದೆ. ಒಲೆಯಿಂದ ಆಗಷ್ಟೇ ಇಳಿಸಿದ ನೀರಲ್ಲಿ ಮಾತ್ರೆ ಕೊಡುವುದು ಮೊದಲಿನಿಂದಲೂ ಅತ್ತೆಯ ಕೆಲಸ. ಬೆಳಿಗ್ಗೆ ನನಗೆ ಅಡುಗೆಮನೆಯಲ್ಲಿ ಬಿಡುವಿರುವುದಿಲ್ಲ, ಸಂಜೆ ಹೊಲಿಗೆ ಮಿಷನ್ನಿನ ಮುಂದೆ ಇರುತ್ತೇನೆ. ಆಸ್ಪತ್ರೆಯಲ್ಲೂ ಅವರು ಬಂದವರೇ ಆ ಕೆಲಸ ಕೈಗೆತ್ತಿಕೊಂಡರು. ಫ್ಲಾಸ್ಕಿನಿಂದ ಲೋಟಕ್ಕೆ ನೀರು ಬಗ್ಗಿಸಿದರು. ಹಬೆ ಎದ್ದಿತು. ಲೋಟವನ್ನು ಸೆರಗಿನಲ್ಲಿ ಹಿಡಿದು ಮೂಲೆಯ ಬೇಸಿನ್ನಿನ ಹತ್ತಿರ ಹೋದರು. ನಲ್ಲಿ ತಿರುಗಿಸಿ ಒಂದು ಗುಟುಕಿನಷ್ಟು ತಣ್ಣೀರು ಹಿಡಿದರು. ಲೋಟದ ಹೊರಗೆ ಬೆರಳು ತಾಗಿಸಿ ನೋಡಿದರು. ಇನ್ನೊಂದು ಸ್ವಲ್ಪ ಹಿಡಿದರು.

"ತಗಳಪ್ಪ, ಹದವಾಗೈತೆ."

ಉಮೇಶರು ಕೈ ಚಾಚಿದರು. ನಾನು ಎದ್ದು ಹೋಗಿ ಲೋಟವನ್ನು ನಡುವೆಯೇ ಹಿಡಿದೆ.

"ಅತ್ತೆ, ಮನೇಲೂ ಹಿಂಗೇನಾ ಕೊಡೋದು?"

"ಇನ್ನೆಂಗೆ ಕೊಡದು ಮಾರಾಯ್ತಿ? ಕುದಿಯೋ ನೀರ ಮಗನ ಬಾಯಿಗೆ ಹುಯ್ಯಕ್ಕಾಯ್ತದಾ?" ಎಂದು ನಕ್ಕರು.

ಎರಡು ಹೊತ್ತೂ. ದಿನವೂ. ಮನೆಯಲ್ಲಾದರೆ ಒರತೆಯ ನಲ್ಲಿಯಿಂದ.

ಇದನ್ನು ಓದುವವರು, ಒಂದೇ ಮನೆಯಲ್ಲಿದ್ದು ನಿನಗೆ ಕಾಣಲಿಲ್ಲವೇ ಎಂದು ಕೇಳಬಹುದು. ಕಾಣುತ್ತಿತ್ತು. ಅದು ನೀರು ಬೆರೆಸುವುದು ಎಂದು ಕಾಣುತ್ತಿರಲಿಲ್ಲ, ಅಷ್ಟೆ. ನಮ್ಮ ಕಡೆ ಮಳೆಗಾಲದಲ್ಲಿ ನೆಂಟರು ಬಂದರೆ ಕಾಲಿಗೂ ಬಾಯಿಗೂ ಬಿಸಿನೀರು ಕೊಡುತ್ತೇವೆ. ಹಂಡೆಯ ನೀರಿಗೆ ತಣ್ಣೀರು ಬೆರೆಸಿ ಮೈಗೆ ಹದ ಮಾಡುವ ಹಾಗೆಯೇ ಕುಡಿಯುವ ನೀರಿಗೂ ಹದ ಮಾಡುತ್ತೇವೆ. ಬಾಣಂತಿಗೆ, ಕೂಸಿಗೆ, ಕೆಮ್ಮುವ ಮುದುಕರಿಗೆ ಎಲ್ಲರಿಗೂ. ಹದ ಮಾಡದೆ ಕೊಟ್ಟರೆ ಕೊಟ್ಟವರಿಗೆ ಅಕ್ಕರೆ ಇಲ್ಲ ಎಂದು ಅರ್ಥ. ನೀರು ಕಾಯಿಸುವುದು ಬೆಚ್ಚಗಾಗಲಿ ಎಂದು, ಏನನ್ನೋ ಕೊಲ್ಲಲು ಎಂದಲ್ಲ. ಕಾಯಿಸಿದ ನೀರಾ ಎಂದು ನಾನು ಕೇಳಿದೆ, ಹೌದು ಎಂದು ಅವರು ಹೇಳಿದರು. ನರ್ಸ್ ಕುದಿಸಿ ಎಂದಿದ್ದರು, ಇವರು ಕುದಿಸಿದ್ದರು. ಎಲ್ಲರೂ ನಿಜವನ್ನೇ ಹೇಳಿದ್ದೆವು.

ಲೋಟದಲ್ಲಿ ನೊಣ ಬಿದ್ದಿದೆ ಎಂದು ಹೇಳಿ ನಾನು ಆ ನೀರನ್ನು ಚೆಲ್ಲಿದೆ.

ಡಾಕ್ಟರಿಗೆ ಹೇಳಿದಾಗ, "ಸಿಕ್ಕಿತಲ್ಲ, ಒಳ್ಳೇದಾಯ್ತು," ಅಂದರು. ಆಶ್ಚರ್ಯಪಡಲಿಲ್ಲ. ಪರಾವಲಂಬಿಗೆ ಮಾತ್ರೆ ಶುರು ಮಾಡಿದ್ದರು, ಆದರೆ ಅದೊಂದೇ ಸಾಲದು. ಕಾವಲು ಸಡಿಲ ಮಾಡುವ ಮಾತ್ರೆಗಳನ್ನು ಕಡಿಮೆ ಮಾಡಬೇಕು, ಆಗ ಮೈಯೇ ಅದನ್ನು ಹೊರಗೆ ಹಾಕುತ್ತದೆ. ಆದರೆ ಕಡಿಮೆ ಮಾಡಿದರೆ ಅದೇ ಮೈ ಕಿಡ್ನಿಯನ್ನೂ ಹೊರಗೆ ಹಾಕಲು ನೋಡಬಹುದು. "ಎರಡರ ನಡುವೆ ಹೋಗ್ತಾ ಇದ್ದೀವಿ. ದಿನಾ ರಕ್ತ ನೋಡೋಣ. ನಾನು ಈಗಲೇ ಏನೂ ಹೇಳಲ್ಲ."

ನನಗೆ ಆಗ ಇದ್ದ ಭಯ ಒಂದೇ. ಆ ಕಿಡ್ನಿ ಹೋದರೆ ಅತ್ತೆಯ ಕಿಡ್ನಿ ಹೋದಂತೆ. ಅದಕ್ಕೆ ಕಾರಣವನ್ನು ಅವರಿಗೆ ಹೇಳುವವರು ಯಾರು?

"ಅವ್ವಂಗೆ ಹೇಳ್ಬೇಡ," ಅಂದರು ಉಮೇಶರು. ತುಟಿ ಒಡೆದಿತ್ತು. ಮಾತಾಡಲು ಕಷ್ಟಪಡುತ್ತಿದ್ದರು.

"ಹೇಳ್ದಿದ್ರೆ ನಾಳೆ ಮತ್ತೆ ಹಂಗೇ ಮಾಡ್ತಾರಲ್ರೀ."

"ನೀನೇ ಕೊಡು ಇನ್ಮ್ಯಾಲೆ. ಏನೋ ಒಂದು ನೆಪ ಹೇಳು."

ಹಾಗೆಯೇ ಮಾಡಿದೆವು. ಫ್ಲಾಸ್ಕ್ ನನ್ನ ಕೈಯಲ್ಲೇ ಇಟ್ಟುಕೊಂಡೆ. ಮಾತ್ರೆಯ ಹೊತ್ತಿಗೆ ಅತ್ತೆಯನ್ನು ಹಣ್ಣು ತರಲು, ಬಟ್ಟೆ ಒಣಗಿಸಲು ಕಳಿಸಿದೆ. ಒಂದು ದಿನ ನಡೆಯಿತು. ಎರಡನೇ ದಿನ ಅವರು ಬಾಗಿಲಲ್ಲೇ ನಿಂತರು.

"ಏನವ್ವ, ನನ್ ಕೈ ನೀರು ಬ್ಯಾಡ್ವಾಯ್ತಾ? ಮೈಯೊಳಗಿರದು ಬೇಕು, ಕೈಯೊಳಗಿರದು ಬ್ಯಾಡ?"

ಪಕ್ಕದ ಬೆಡ್ಡಿನವರು ತಿರುಗಿ ನೋಡಿದರು. ನಾನು ಅವರನ್ನು ವಾರ್ಡಿನ ಹೊರಗಿನ ಬೆಂಚಿಗೆ ಕರೆದುಕೊಂಡು ಹೋದೆ. ನೆಪಗಳು ಮುಗಿದಿದ್ದವು. ಮೊದಲಿನಿಂದ ಹೇಳಿದೆ. ಅಳದೆ ಹೇಳಬೇಕೆಂದುಕೊಂಡಿದ್ದೆ, ಹಾಗೆಯೇ ಹೇಳಿದೆ.

ಮುಗಿದ ಮೇಲೆ ಅತ್ತೆ ಕೇಳಿದರು.

"ಒಂದ್ ಗುಟುಕಲ್ಲಿ ಇರ್ತದಾ ಅದು?"

"ಇರಬಹುದು ಅತ್ತೆ. ಕಣ್ಣಿಗೆ ಕಾಣಲ್ಲ."

"ನಾವೆಲ್ಲ ಕುಡೀತೀವಲ್ಲ."

"ನಮಗೆ ತಡ್ಕಳೋ ಶಕ್ತಿ ಐತೆ. ಅವರಿಗಿಲ್ಲ."

"ಮತ್ತೆ ನೀನು ಸೀಸೆ ಹಾಕಿ ಚೆನ್ನಾಗೈತೆ ಅಂದಿದ್ದೆ?"

"ಸೀಸೆಗೆ ಇದು ಕಾಣಲ್ವಂತೆ."

"ಊರಿಗೆಲ್ಲ ಹೇಳ್ಕಂಡ್ ಬತ್ತಿದ್ದೆ ನೀನು, ಚೆನ್ನಾಗೈತೆ ಅಂತ," ಅಂದರು. ಸಿಟ್ಟಿನಿಂದ ಅಲ್ಲ. ಎಣಿಸಿ ನೋಡಿದವರಂತೆ ಹೇಳಿದರು. ಅವರ ಮಾತು ಸರಿಯಾಗಿತ್ತು.

ಅಂದು ಅವರು ಮಗನ ಮಂಚದ ಹತ್ತಿರ ಬರಲಿಲ್ಲ. ಬಾಗಿಲಿನಿಂದ ನೋಡಿದರು. ಬೆಳಿಗ್ಗೆ, "ಮನೆ ಬೀಗ ಹಾಕಿ ಎಷ್ಟು ದಿನ ಇರಕ್ಕಾಯ್ತದೆ," ಎಂದು ಹೇಳಿ ಬಸ್ಸಿಗೆ ಹೋದರು.

ಭೇದಿ ಒಂದೇ ಸಲ ನಿಲ್ಲಲಿಲ್ಲ. ಮೊದಲು ರಾತ್ರಿ ಏಳುವುದು ತಪ್ಪಿತು. ಆಮೇಲೆ ಗಂಜಿ ಉಳಿಯಿತು. ಕ್ರಿಯಾಟಿನಿನ್ ಇಳಿಯಿತು, ನಿಂತಿತು, ಮತ್ತೆ ತುಸು ಇಳಿಯಿತು. ಒಂದು ದಿನ ಏರಿದಾಗ ರಿಜೆಕ್ಷನ್ ಇರಬಹುದೇ ಎಂದು ಬಯಾಪ್ಸಿಯ ಮಾತು ಬಂತು. ಮಾರನೇ ದಿನ ಇಳಿದದ್ದರಿಂದ ಮಾಡಲಿಲ್ಲ. ಡಿಸ್ಚಾರ್ಜ್ ಮಾಡುವಾಗ ಡಾಕ್ಟರು, "ಹಳೇ ನಂಬರಿಗೆ ವಾಪಸ್ ಬಂದಿಲ್ಲ. ಬರುತ್ತೆ ಅಂತ ನಾನು ಹೇಳಲ್ಲ. ಇನ್ನು ಮೇಲೆ ಇದೇ ನಿಮ್ಮ ನಾರ್ಮಲ್ ಅಂದ್ಕೊಳ್ಳಿ. ಇದು ಏರದ ಹಾಗೆ ನೋಡ್ಕೊಳ್ಳೋಣ," ಅಂದರು.

ಕಿಡ್ನಿಯ ಶಕ್ತಿ ಸ್ವಲ್ಪ ಹೋಗಿತ್ತು. ಹೋದದ್ದು ಯಾರದೆಂದು ನಾವಿಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಊರಿಗೆ ಬಂದ ವಾರ ನಾನು ಶೇಖರಣ್ಣನ ಜೊತೆ ಗುಡ್ಡ ಹತ್ತಿದೆ. ಒರತೆಯ ತೊಟ್ಟಿಯ ಮುಚ್ಚಳ ಒಂದು ಮೂಲೆಯಲ್ಲಿ ಒಡೆದಿತ್ತು. ಮೇಲಿನ ಇಳಿಜಾರಿನಲ್ಲಿ ದನ ನಡೆದು ಆದ ದಾರಿ, ಅದರಲ್ಲಿ ಹೊಸ ಮಳೆಯ ನೀರು ತೊಟ್ಟಿಯ ಕಡೆಗೇ ಹರಿದ ಗುರುತು. ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಈ ನೀರಿನಿಂದಲೇ ಬಂತೆಂದು ಯಾರೂ ರುಜುವಾತು ಮಾಡಿಲ್ಲ. ನೀರಿನಲ್ಲಿ ಆ ಪರಾವಲಂಬಿಯನ್ನು ಹುಡುಕುವ ಪರೀಕ್ಷೆ ದೂರದ ದೊಡ್ಡ ಲ್ಯಾಬುಗಳಲ್ಲಿ ಮಾತ್ರ ಆಗುತ್ತದಂತೆ. ನಾನು ಕಂಡದ್ದು ಒಡೆದ ಮುಚ್ಚಳ ಮತ್ತು ದನದ ದಾರಿ, ಅಷ್ಟೆ. ಪಂಚಾಯಿತಿಯಲ್ಲಿ ಅಷ್ಟನ್ನೇ ಹೇಳಿದೆ. ಮುಚ್ಚಳ ಬದಲಾಯಿತು. ಬೇಲಿಯ ಮಾತು ನಡೆಯುತ್ತಿದೆ. ಮರಳಿನ ಫಿಲ್ಟರಿನ ಮಾತೂ ಬಂದಿದೆ, ಅದು ಬಂದಾಗ ನಂಬುತ್ತೇನೆ.

ಸೀಸೆ ಇನ್ನೂ ಹಾಕುತ್ತೇನೆ. ಆದರೆ ಕುಡಿಯಲು ಯೋಗ್ಯ ಎಂಬ ಎರಡು ಮಾತಿಗೆ ನಿಲ್ಲಿಸುವುದಿಲ್ಲ. ಈ ಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ, ಆದರೆ ಬಸುರಿಯರು, ಎಳೆಮಕ್ಕಳು, ದೊಡ್ಡ ಕಾಯಿಲೆಗೆ ಮಾತ್ರೆ ನುಂಗುವವರು ಕುದಿಸಿ ಆರಿಸಿ ಕುಡಿಯಿರಿ, ತಣ್ಣೀರು ಬೆರೆಸಬೇಡಿ ಎನ್ನುತ್ತೇನೆ.

"ಮೊದ್ಲು ಎಲ್ಡು ಮಾತಲ್ಲಿ ಮುಗೀತಿತ್ತು ಕಣಕ್ಕ, ಈಗ ನೀನು ಎಲೆಕ್ಷನ್‌ಗೆ ನಿಂತಂಗೆ ಭಾಷಣ ಮಾಡ್ತೀಯ," ಅಂದರು ಶೇಖರಣ್ಣ. ಆದರೆ ಮಾರನೇ ವಾರ ಕೆಳಗಿನ ಮನೆಯ ಬಸುರಿಗೆ ಅವರೇ ಅದನ್ನು ಹೇಳುವುದನ್ನು ಕೇಳಿಸಿಕೊಂಡೆ.

ಮನೆಯೊಳಗೆ ಮಾತ್ರ ಏನೂ ಸರಿಹೋಗಿರಲಿಲ್ಲ. ಅತ್ತೆ ನೀರಿನ ಪಾತ್ರೆ ಮುಟ್ಟುತ್ತಿರಲಿಲ್ಲ. ಅಡುಗೆಮನೆಗೆ ಬಂದರೆ ತಮ್ಮ ತಟ್ಟೆ ತೆಗೆದುಕೊಂಡು ಹೊರಗೆ ಹೋಗುತ್ತಿದ್ದರು. ಮಗನ ಮಾತ್ರೆಯ ಹೊತ್ತಿಗೆ ಜಗಲಿಯಲ್ಲಿ ಕೂತು ಅಕ್ಕಿಯಲ್ಲಿ ಇಲ್ಲದ ಕಲ್ಲು ಆರಿಸುತ್ತಿದ್ದರು. ಕರೆದರೆ, "ನೀನೇ ನೋಡ್ಕಳವ್ವ, ನಂಗೆ ತಿಳಿಯಲ್ಲ," ಎನ್ನುವರು. ಊಟವೂ ಕಡಿಮೆ ಮಾಡಿದ್ದರು. ಅವರ ತಪಾಸಣೆಯೂ ಬಾಕಿ ಇತ್ತು, ಒಂದೇ ಕಿಡ್ನಿಯವರು ವರ್ಷಕ್ಕೊಮ್ಮೆ ನೋಡಿಸಬೇಕು. ಅದಕ್ಕೂ ಬರುವುದಿಲ್ಲ ಎಂದರು. ಒಂದು ಕಾಯಿಲೆಯನ್ನು ಆಸ್ಪತ್ರೆಯಲ್ಲಿ ಬಿಟ್ಟು ಇನ್ನೊಂದನ್ನು ಮನೆಗೆ ತಂದೆವೆಂದು ನನಗೆ ಅನ್ನಿಸತೊಡಗಿತು.

ಉಮೇಶರು ಒಂದು ಸಂಜೆ ಮಾತ್ರೆಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಹೋಗಿ ಅತ್ತೆಯ ಪಕ್ಕ ಜಗಲಿಯಲ್ಲಿ ಕೂತರು. ನಾನು ನೀರು ತೆಗೆದುಕೊಂಡು ಹೋದೆ. ಬೇಡ ಎಂಬಂತೆ ಕಣ್ಣಲ್ಲೇ ಹೇಳಿದರು.

"ಅವ್ವ, ನೀರು."

"ನಿನ್ ಹೆಂಡ್ತಿನ ಕೇಳು."

"ಅವ್ಳು ಕೊಡೋದು ಆರಿ ಆರಿ ಕೊರೀತಿರ್ತದೆ. ಗಂಟ್ಲು ಕಟ್ಟತೈತೆ."

"ಕಟ್ಲಿ. ಸಾಯಲ್ಲ."

"ನಂಗಲ್ಲವ್ವ ನೀರು. ನಿನ್ ಕಿಡ್ನಿಗೆ. ಅದು ನನ್ ಮಾತು ಕೇಳಲ್ಲ, ನಿನ್ನ ಕೇಳ್ತದೆ."

"ಮಾತು ಮಾತ್ರ ಕಲ್ತವ್ನೆ," ಅಂದರು ಅತ್ತೆ. ಮೊರದ ಅಕ್ಕಿಯನ್ನು ಸುಮ್ಮನೆ ಎರಡು ಸಲ ಕೇರಿದರು. ಉಮೇಶರು ಕದಲಲಿಲ್ಲ. ಅಂಗೈ ಬೆವರಿಗೆ ಮಾತ್ರೆಯ ಬಣ್ಣ ಬಿಡಲು ಶುರುವಾಗಿತ್ತು. ಹೊತ್ತು ಮೀರುತ್ತದೆಂದು ನಾನು ಗಡಿಯಾರ ನೋಡಿದೆ.

ಅತ್ತೆ ಎದ್ದರು. ಅಡುಗೆಮನೆಗೆ ಬಂದು ಒಲೆಯ ಮುಂದೆ ನಿಂತು, ನನ್ನನ್ನು ನೋಡದೆ ಕೇಳಿದರು, "ಎಷ್ಟೊತ್ತು ಕುದೀಬೇಕು?"

"ಬುಳುಬುಳು ಅಂತ ಕುದಿ ಬಂದ ಮೇಲೆ ಇನ್ನೊಂಚೂರು ಹೊತ್ತು ಅತ್ತೆ."

ನಿಂತು ನೋಡಿದರು. ಕುದಿ ಬಂದ ಮೇಲೂ ನೋಡುತ್ತಲೇ ಇದ್ದರು. ಒಲೆ ಆರಿಸಿ, ಒಣಗಿದ ಲೋಟಕ್ಕೆ ಅರ್ಧ ಬಗ್ಗಿಸಿದರು. ಮೇಲೆ ತಟ್ಟೆ ಮುಚ್ಚಿದರು. ಆಮೇಲೆ ಒಂದು ಅಗಲವಾದ ಬೋಗುಣಿಗೆ ನಲ್ಲಿಯಿಂದ ತಣ್ಣೀರು ಹಿಡಿದರು. ತಡೆಯಲು ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವರು ಲೋಟವನ್ನು ಆ ನೀರಿನೊಳಗೆ ಇಟ್ಟರು, ಅಂಚಿನಿಂದ ಬಹಳ ಕೆಳಗೆ ನೀರು ನಿಲ್ಲುವ ಹಾಗೆ. ಲೋಟವನ್ನು ಬೆರಳಲ್ಲಿ ಮೆಲ್ಲಗೆ ತಿರುಗಿಸುತ್ತಾ ನಿಂತರು. ಬೋಗುಣಿಯ ನೀರು ಬೆಚ್ಚಗಾದಾಗ ಚೆಲ್ಲಿ ಬೇರೆ ಹಿಡಿದರು. ಮತ್ತೆ ತಿರುಗಿಸಿದರು. ಲೋಟದ ಹೊರಗೆ ಬೆರಳು ತಾಗಿಸಿ ನೋಡಿ, ಎತ್ತಿ, ಹೊರಮೈಯನ್ನು ತಳದಿಂದ ಅಂಚಿನವರೆಗೆ ಒಣ ಬಟ್ಟೆಯಲ್ಲಿ ಒರೆಸಿದರು.

"ಇದಾಯ್ತದಾ?" ಎಂದು ನನ್ನನ್ನು ಕೇಳಿದರು.

"ಆಯ್ತದೆ ಅತ್ತೆ."

ಜಗಲಿಗೆ ಹೋಗಿ ಮಗನ ಕೈಗೆ ಕೊಟ್ಟರು. ಉಮೇಶರು ಮಾತ್ರೆ ನುಂಗಿ, ಲೋಟ ಪೂರ್ತಿ ಕುಡಿದು ಇಳಿಸುವವರೆಗೆ ಅತ್ತೆ ಎದುರಿಗೇ ನಿಂತಿದ್ದರು.

"ಸುಡ್ತಾ?"

"ಇಲ್ಲ ಕಣವ್ವ."

ಆ ತಿಂಗಳ ತಪಾಸಣೆಗೆ ಮೂವರೂ ಹೋದೆವು. ಅತ್ತೆಯ ರಕ್ತವನ್ನೂ ತೆಗೆದರು, ಅವರದು ಸರಿಯಾಗಿದೆ. ಉಮೇಶರ ನಂಬರು ಇಳಿದಿರಲಿಲ್ಲ. ಏರಿಯೂ ಇರಲಿಲ್ಲ. ಡಾಕ್ಟರು ರಿಪೋರ್ಟಿನ ಮೇಲೆ ಸಣ್ಣ ಸರಿ ಗುರುತು ಹಾಕಿ ಮುಂದಿನ ತಿಂಗಳು ಬನ್ನಿ ಅಂದರು. ನಾವು ಘಾಟಿ ಹತ್ತಿ, ಎಲ್ಲೂ ನಿಲ್ಲಿಸದೆ, ಮಾತ್ರೆಯ ಹೊತ್ತಿಗೆ ಮನೆ ಸೇರಿದೆವು.